ಆಕರಗಳ ಮಿತಿ ಮತ್ತು ಉತ್ತರದ ಪ್ರಾಮಾಣ್ಯ: ಕೃತಕ ಬುದ್ಧಿಮತ್ತೆಯ ಶೋಧ ಸಾಧನಗಳನ್ನು ಕುರಿತು ಒಂದು ವಿಮರ್ಶೆ

ಕನ್ನಡ ಸಂಶೋಧನೆಯ ಇತಿಹಾಸವನ್ನು ಒಂದರ್ಥದಲ್ಲಿ ಆಕರಗಳ ಇತಿಹಾಸವೆಂದೇ ಹೇಳಬಹುದು. ಶಾಸನ, ಓಲೆಗರಿ, ಕಡತ, ಕೈಫಿಯತ್ತು, ಮೌಖಿಕ ಪರಂಪರೆ ಇವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನೆಚ್ಚಬೇಕು ಎಂಬ ಪ್ರಶ್ನೆಯನ್ನು ಪ್ರತಿಯೊಂದು ತಲೆಮಾರಿನ ವಿದ್ವಾಂಸರೂ ತಮ್ಮ ಕಾಲದ ಸಲಕರಣೆಗಳೊಡನೆ ಎದುರಿಸಿದ್ದಾರೆ. ಬಿ.ಎಲ್. ರೈಸ್ ಅವರು 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟವನ್ನು ಹೊರತಂದ ಕಾಲದಲ್ಲಿ ಸಂಶೋಧಕನ ಮುಂದಿದ್ದ ಕಷ್ಟ ಆಕರಗಳ ಕೊರತೆಯದು. ಇಂದಿನ ಸಂಶೋಧಕನ ಕಷ್ಟ ಬೇರೆ ಬಗೆಯದು. ಕೃತಕ ಬುದ್ಧಿಮತ್ತೆಯನ್ನು ಆಧರಿಸಿದ ಶೋಧ ಸಾಧನಕ್ಕೆ ಒಂದು ಪ್ರಶ್ನೆ ಹಾಕಿದರೆ ಕ್ಷಣಾರ್ಧದಲ್ಲಿ ಅಚ್ಚುಕಟ್ಟಾದ ಉತ್ತರ ಬರುತ್ತದೆ. ಆ ಉತ್ತರ ಯಾವ ಆಕರದಿಂದ ಬಂದಿತು, ಆ ಆಕರ ಎಷ್ಟು ಗಟ್ಟಿ ಎಂಬುದು ಮಾತ್ರ ಅಷ್ಟೇ ಸುಲಭವಾಗಿ ತಿಳಿಯುವುದಿಲ್ಲ.

ಈ ಕಷ್ಟಕ್ಕೆ ಪರಿಹಾರವೆಂದು ಸಾಮಾನ್ಯವಾಗಿ ಸೂಚಿಸಲಾಗುವ ಮಾರ್ಗವೊಂದಿದೆ: ಸಾಧನವನ್ನು ಇಡೀ ಅಂತರ್ಜಾಲದ ಮೇಲೆ ಬಿಡದೆ, ಆಯ್ದ ಕೆಲವು ಆಕರಗಳಿಗೆ ಮಾತ್ರ ಕಟ್ಟಿಹಾಕಬೇಕು, ಆಕರ ಕಿರಿದಾದಷ್ಟೂ ಉತ್ತರ ಖಚಿತವಾಗುತ್ತದೆ. ಈ ಸಲಹೆಯಲ್ಲಿ ಹುರುಳಿದೆ. ಆದರೆ ಇದನ್ನು ಒಂದು ತಾಂತ್ರಿಕ ಉಪಾಯವೆಂದಷ್ಟೇ ತಿಳಿದು ಅನುಸರಿಸಿದರೆ ಒಂದು ಬಗೆಯ ತಪ್ಪು ಕಡಿಮೆಯಾಗಿ ಇನ್ನೊಂದು ಬಗೆಯ ತಪ್ಪು ಅದರ ಸ್ಥಾನಕ್ಕೆ ಬರುತ್ತದೆ. ಹುಸಿ ಉತ್ತರದ ಜಾಗದಲ್ಲಿ ಏಕಪಕ್ಷೀಯ ಉತ್ತರ ನಿಲ್ಲುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಗೌರವಸ್ಥವಾಗಿ ಕಾಣುವುದರಿಂದ ಅದನ್ನು ಗುರುತಿಸುವುದೂ ಹೆಚ್ಚು ಕಷ್ಟ. ಆಕರಗಳನ್ನು ಮಿತಿಗೊಳಿಸುವುದು ವಾಸ್ತವವಾಗಿ ಸಂಪಾದಕನ ಕಾರ್ಯ. ಅದಕ್ಕೆ ಸಂಪಾದಕನ ಹೊಣೆಗಾರಿಕೆಯೂ ಸೇರಿಕೊಂಡಿರುತ್ತದೆ ಎಂಬುದನ್ನು ಕನ್ನಡ ಸಂಶೋಧನೆಯ ಕೆಲವು ಪರಿಚಿತ ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಾಧನದ ಸ್ವರೂಪ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದಾಗ ಅದು ಶೋಧ ಸಾಧನವಾಗಿರಲಿಲ್ಲ. ತರಬೇತಿಯ ಕಾಲದಲ್ಲಿ ಓದಿಕೊಂಡ ಅಪಾರ ಪಠ್ಯರಾಶಿಯಿಂದ ಪದಗಳ ಅನುಕ್ರಮದ ಸಂಭಾವ್ಯತೆಯನ್ನು ಕಲಿತು, ಅದರ ಬಲದಿಂದ ವಾಕ್ಯಗಳನ್ನು ಕಟ್ಟುವ ಭಾಷಾ ಮಾದರಿ ಅದು. ಕೇಳಿದ ವಿಷಯದಲ್ಲಿ ತಿಳಿವಳಿಕೆ ತೆಳುವಾಗಿದ್ದರೂ ವಾಕ್ಯ ಕಟ್ಟುವ ಶಕ್ತಿ ಕುಂದದಿರುವುದು ಇಂಥ ಮಾದರಿಗಳ ಮೂಲದೋಷ. ಇಲ್ಲದ ಗ್ರಂಥಗಳು, ಇಲ್ಲದ ಪುಟಸಂಖ್ಯೆಗಳು, ಇಲ್ಲದ ತೀರ್ಪುಗಳು ಹುಟ್ಟಿಕೊಳ್ಳುವುದು ಈ ದೋಷದಿಂದಲೇ. 2023ರ ಜೂನ್ ತಿಂಗಳಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಸೃಷ್ಟಿಸಿದ ಇಲ್ಲದ ಮೊಕದ್ದಮೆಗಳನ್ನು ಪೂರ್ವನಿದರ್ಶನಗಳೆಂದು ಉಲ್ಲೇಖಿಸಿದ್ದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿದ ಪ್ರಕರಣ ಈ ದೋಷವನ್ನು ಲೋಕವಿದಿತಗೊಳಿಸಿತು.

ಈ ದೋಷಕ್ಕೆ ಕಂಡುಕೊಂಡ ಮುಖ್ಯ ಚಿಕಿತ್ಸೆಯ ತತ್ತ್ವ ಅದಕ್ಕೂ ಮೊದಲೇ, 2020ರಲ್ಲಿ ಪ್ಯಾಟ್ರಿಕ್ ಲೂಯಿಸ್ ಮತ್ತು ಅವರ ಸಹಸಂಶೋಧಕರ ಪ್ರಬಂಧದಲ್ಲಿ ನಿರೂಪಿತವಾಗಿತ್ತು. ಮಾದರಿಯು ತನ್ನ ನೆನಪಿನಿಂದಲೇ ಉತ್ತರಿಸದೆ, ಮೊದಲು ಒಂದು ದಾಖಲೆ ಸಂಗ್ರಹದಿಂದ ಪ್ರಶ್ನೆಗೆ ಹೊಂದುವ ಭಾಗಗಳನ್ನು ಹೆಕ್ಕಿ ತಂದು, ಅವುಗಳನ್ನು ಮುಂದಿಟ್ಟುಕೊಂಡು ಉತ್ತರ ಬರೆಯಬೇಕು ಎಂಬುದು ಆ ತತ್ತ್ವ. ಉತ್ತರದೊಂದಿಗೆ ಆಕರಗಳ ಉಲ್ಲೇಖವನ್ನೂ ನೀಡುವ ಶೋಧ ಸಾಧನಗಳು ಸಾಮಾನ್ಯವಾಗಿ ಈ ತತ್ತ್ವದ ವಿವಿಧ ರೂಪಗಳು. ಇವುಗಳಲ್ಲಿ ಆಕರಗಳನ್ನು ಕಿರಿದುಗೊಳಿಸುವ ಬಗೆಗಳು ಸ್ಥೂಲವಾಗಿ ಮೂರು. 2022ರಲ್ಲಿ ಆರಂಭವಾದ ಪರ್‌ಪ್ಲೆಕ್ಸಿಟಿಯಂಥ ಸಾಧನದಲ್ಲಿ ವಿದ್ವತ್ ಪ್ರಬಂಧಗಳು, ಸಾಮಾಜಿಕ ಮಾಧ್ಯಮ ಎಂದು ಆಕರಗಳ ವರ್ಗವನ್ನೇ ಆಯ್ದುಕೊಳ್ಳುವ ಅವಕಾಶ ಕಲ್ಪಿತವಾಯಿತು. ಎಲಿಸಿಟ್, ಕನ್ಸೆನ್ಸಸ್ ಮೊದಲಾದವು ವಿದ್ವತ್ ಪ್ರಬಂಧಗಳ ಸೂಚಿಗಳನ್ನೇ ತಮ್ಮ ಕ್ಷೇತ್ರವಾಗಿ ಇಟ್ಟುಕೊಂಡು ರೂಪುಗೊಂಡವು. ಗೂಗಲ್ ಸಂಸ್ಥೆ 2023ರಲ್ಲಿ ಪ್ರಕಟಿಸಿ 2024ರಲ್ಲಿ ಭಾರತವೂ ಸೇರಿದಂತೆ ಅನೇಕ ದೇಶಗಳಿಗೆ ವಿಸ್ತರಿಸಿದ ನೋಟ್‌ಬುಕ್‌ಎಲ್‌ಎಂ ಮೂರನೆಯ ಬಗೆಯದು. ಬಳಕೆದಾರನೇ ತನಗೆ ಬೇಕಾದ ಗ್ರಂಥಗಳನ್ನು ಅದರೊಳಗೆ ಸೇರಿಸುತ್ತಾನೆ. 2024ರ ವಿಸ್ತರಣೆಯ ವೇಳೆಗೆ ಒಂದೊಂದು ಟಿಪ್ಪಣಿ ಪುಸ್ತಕಕ್ಕೆ 50 ಆಕರಗಳವರೆಗೆ ಅವಕಾಶವಿತ್ತು. ಉತ್ತರ ಆ ಗ್ರಂಥಗಳಿಂದಲೇ ಬರಬೇಕೆಂಬುದು ಅದರ ವಿನ್ಯಾಸ.

ಮೊದಲನೆಯ ಎರಡು ಬಗೆಗಳಲ್ಲಿ ಆಯ್ಕೆಯ ಅಧಿಕಾರ ಬಹುಮಟ್ಟಿಗೆ ಸಾಧನವನ್ನು ನಿರ್ಮಿಸಿದವರದು, ಮೂರನೆಯದರಲ್ಲಿ ಸಂಶೋಧಕನದು. ಈ ವ್ಯತ್ಯಾಸ ಮುಂದಿನ ಚರ್ಚೆಗೆ ಮುಖ್ಯವಾದುದು.

ಮಿತಿಯಿಂದಾಗುವ ಲಾಭ

ಆಕರಗಳನ್ನು ಮಿತಿಗೊಳಿಸುವುದರಿಂದ ಉತ್ತರ ಹೇಗೆ ಸುಧಾರಿಸುತ್ತದೆ ಎಂಬುದನ್ನು ಶ್ರವಣಬೆಳಗೊಳದ ಶಾಸನಗಳ ನಿದರ್ಶನದಿಂದ ತಿಳಿಯಬಹುದು. ಅಲ್ಲಿನ ಶಾಸನಗಳ ಸಂಖ್ಯೆ ಎಷ್ಟು ಎಂಬುದು ಸರಳವಾಗಿ ತೋರುವ ಪ್ರಶ್ನೆ. 1889ರ ರೈಸ್ ಅವರ ಸಂಪುಟದಲ್ಲಿ ಇರುವವು 144 ಶಾಸನಗಳು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಆವೃತ್ತಿಯಲ್ಲಿ ಆ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಹೊಸ ಆವೃತ್ತಿಯಲ್ಲಿ ಅದು 573 ಆಯಿತು. ಮೂರೂ ಸಂಖ್ಯೆಗಳು ಆಯಾ ಗ್ರಂಥದ ಮಟ್ಟಿಗೆ ಸರಿಯೇ. ಮಿತಿಯಿಲ್ಲದ ಶೋಧದಲ್ಲಿ ಈ ಮೂರು ಸಂಖ್ಯೆಗಳೂ, ಇವುಗಳನ್ನು ಅರೆಬರೆಯಾಗಿ ನಕಲು ಮಾಡಿದ ಪ್ರವಾಸಿ ಕೈಪಿಡಿಗಳ ಸಂಖ್ಯೆಗಳೂ ಒಂದರೊಳಗೊಂದು ಬೆರೆತುಹೋಗುತ್ತವೆ. 1889ರ ಸಂಖ್ಯೆಗೆ 1973ರ ಗ್ರಂಥವನ್ನು ಜೋಡಿಸಿದ ವಾಕ್ಯವೊಂದು ಹುಟ್ಟುವುದಕ್ಕೆ ಇಷ್ಟು ಸಾಕು. ಸಾಧನವನ್ನು 1973ರ ಸಂಪುಟಕ್ಕೆ ಮಾತ್ರ ಸೀಮಿತಗೊಳಿಸಿ ಕೇಳಿದಾಗ ಉತ್ತರಕ್ಕೆ ಒಂದು ನೆಲೆ ದೊರೆಯುತ್ತದೆ. ತಪ್ಪಿದ್ದರೆ ಪುಟ ತಿರುವಿ ಹಿಡಿಯಬಹುದು.

ವಚನಗಳ ವಿಷಯದಲ್ಲಿಯೂ ಮಿತಿಯ ಪ್ರಯೋಜನ ಸ್ಪಷ್ಟವಾಗಿದೆ. ಬಸವಣ್ಣನವರ ಹೆಸರಿನಲ್ಲಿ, ಅಕ್ಕಮಹಾದೇವಿಯ ಹೆಸರಿನಲ್ಲಿ ಸಭೆ ಸಮಾರಂಭಗಳಲ್ಲಿಯೂ ಶುಭಾಶಯ ಪತ್ರಗಳಲ್ಲಿಯೂ ಹರಿದಾಡುವ ಮಾತುಗಳೆಲ್ಲ ಅವರ ವಚನಗಳೇ ಅಲ್ಲ. ಆಧುನಿಕರ ಮಾತಿಗೆ ಅಂಕಿತವನ್ನು ಅಂಟಿಸಿದವೂ ಅವುಗಳಲ್ಲಿ ಸೇರಿರಬಹುದು. ಅಂತರ್ಜಾಲವನ್ನೆಲ್ಲ ಜಾಲಾಡುವ ಸಾಧನಕ್ಕೆ ಪುನರಾವರ್ತನೆಯೇ ಪ್ರಾಮಾಣ್ಯವಾಗಿ ತೋರುವ ಅಪಾಯವಿದೆ. ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಪ್ರಕಟವಾದ ಸಮಗ್ರ ವಚನ ಸಂಪುಟದ 15 ಸಂಪುಟಗಳಿಗೆ ಶೋಧವನ್ನು ಸೀಮಿತಗೊಳಿಸಿದರೆ, ಇಂಥದೊಂದು ಮಾತು ಆ ಸಂಪುಟಗಳಲ್ಲಿ ಇದೆಯೇ ಇಲ್ಲವೇ ಎಂಬಷ್ಟನ್ನಾದರೂ ಪರೀಕ್ಷಿಸಲು ಸಾಧ್ಯವಾಗುತ್ತದೆ. ಇಲ್ಲ ಎಂಬ ಉತ್ತರವೂ ಸಂಶೋಧನೆಯಲ್ಲಿ ಬೆಲೆಯುಳ್ಳದ್ದು. ಎಲ್ಲೆಯಿಲ್ಲದ ಶೋಧದಲ್ಲಿ ಇಲ್ಲ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಎಲ್ಲೆ ಗೊತ್ತಿದ್ದಾಗ ಮಾತ್ರ ಆ ಮಾತಿಗೆ ತೂಕ ಬರುತ್ತದೆ.

ಆದರೂ ಈ ಲಾಭವನ್ನು ಇದ್ದುದಕ್ಕಿಂತ ಹಿಗ್ಗಿಸಿ ಹೇಳಬಾರದು. ಉಲ್ಲೇಖ ಸಹಿತವಾಗಿ ಉತ್ತರಿಸುವ ನಾಲ್ಕು ಶೋಧ ಸಾಧನಗಳನ್ನು ಕುರಿತು ನೆಲ್ಸನ್ ಲಿಯು ಮತ್ತು ಸಂಗಡಿಗರು 2023ರಲ್ಲಿ ನಡೆಸಿದ ಅಧ್ಯಯನದಲ್ಲಿ, ಸಾಧನಗಳು ಬರೆದ ವಾಕ್ಯಗಳ ಪೈಕಿ ಉಲ್ಲೇಖಗಳ ಪೂರ್ಣ ಬೆಂಬಲವಿದ್ದವು ಶೇ. 51.5 ಮಾತ್ರ, ಉಲ್ಲೇಖಗಳ ಪೈಕಿ ತಾವು ಜೋಡಿಕೊಂಡ ವಾಕ್ಯವನ್ನು ಸಮರ್ಥಿಸಿದವು ಶೇ. 74.5. ಕಾನೂನಿನ ಕ್ಷೇತ್ರಕ್ಕೆ ಸೀಮಿತವಾದ, ಪ್ರತಿಷ್ಠಿತ ಪ್ರಕಾಶಕರ ದಾಖಲೆ ಸಂಗ್ರಹಗಳನ್ನೇ ಆಕರವಾಗಿ ಉಳ್ಳ ಸಾಧನಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪರೀಕ್ಷಿಸಿದಾಗ, ಅವು ಸಾಮಾನ್ಯ ಬಳಕೆಯ ಮಾದರಿಗಿಂತ ಉತ್ತಮವೆಂದು ಕಂಡುಬಂದರೂ ಶೇ. 17ರಿಂದ 33ರಷ್ಟು ಸಂದರ್ಭಗಳಲ್ಲಿ ಹುಸಿ ಹೇಳಿಕೆಗಳನ್ನು ನೀಡಿದವು. ಆಕರಗಳು ನಂಬಲರ್ಹವಾಗಿದ್ದ ಮಾತ್ರಕ್ಕೆ ಅವುಗಳಿಂದ ಸಾಧನವು ಕಟ್ಟಿದ ವಾಕ್ಯವೂ ನಂಬಲರ್ಹವಾಗುವುದಿಲ್ಲ. ಆ ಅಧ್ಯಯನ ಗುರುತಿಸಿದ ದೋಷಗಳಲ್ಲಿ ಒಂದು ಬಗೆ ಇಲ್ಲಿ ವಿಶೇಷವಾಗಿ ಪರಿಗಣನೀಯ: ಆಕರ ನಿಜವಾದುದು, ಆದರೆ ಅದು ಆ ಹೇಳಿಕೆಯನ್ನು ಸಮರ್ಥಿಸುವುದಿಲ್ಲ. ಇಲ್ಲದ ಗ್ರಂಥವನ್ನು ಗ್ರಂಥಪಾಲಕರು ಹುಡುಕಿ ಇಲ್ಲವೆಂದು ಹೇಳಬಲ್ಲರು. ಇರುವ ಗ್ರಂಥದಲ್ಲಿ ಇಲ್ಲದ ಮಾತನ್ನು ಆ ಗ್ರಂಥವನ್ನು ಓದಿದವರು ಮಾತ್ರ ಹಿಡಿಯಬಲ್ಲರು.

ಮಿತಿಯಿಂದಾಗುವ ಹಾನಿ: ಕವಿರಾಜಮಾರ್ಗದ ಕರ್ತೃತ್ವ

ಮಿತಿಯ ಇನ್ನೊಂದು ಮುಖವನ್ನು ಅರಿಯಲು ಕವಿರಾಜಮಾರ್ಗದ ಕರ್ತೃತ್ವದ ಪ್ರಶ್ನೆಗಿಂತ ಉತ್ತಮ ನಿದರ್ಶನ ದೊರೆಯಲಾರದು. ಕೆ.ಬಿ. ಪಾಠಕ್ ಅವರು 1898ರಲ್ಲಿ ಈ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದಾಗ ಅದನ್ನು ರಾಷ್ಟ್ರಕೂಟ ದೊರೆ ನೃಪತುಂಗನ ಕೃತಿಯೆಂದು ನಿರೂಪಿಸಿದರು. ಕರ್ಣಾಟಕ ಕವಿಚರಿತೆಯ 1907ರ ಮೊದಲ ಸಂಪುಟ ನೃಪತುಂಗನ ಹೆಸರಿನಲ್ಲಿಯೇ ಇದನ್ನು ಚರ್ಚಿಸಿತು. ಇ.ಪಿ. ರೈಸ್ ಅವರು 1915ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆಯೂ ಅದೇ ಜಾಡಿನಲ್ಲಿ ಸಾಗಿತು. ಕೃತಿಯೊಳಗೆ ನೃಪತುಂಗನ ಹೆಸರೂ ಶ್ರೀವಿಜಯನ ಹೆಸರೂ ಬರುತ್ತವೆ. ನೃಪತುಂಗದೇವನ ಅನುಮತವನ್ನು ಪಡೆದುದು ಎಂಬರ್ಥದ ಮಾತೂ ಇದೆ. ಅನುಮತಿ ನೀಡಿದ ದೊರೆ ಬೇರೆ, ಬರೆದ ಕವಿ ಬೇರೆ ಎಂಬ ತರ್ಕ ಕ್ರಮೇಣ ಬಲಗೊಂಡಿತು. ಜೆ.ಎಫ್. ಫ್ಲೀಟ್ ಅವರು ಕವೀಶ್ವರನೆಂಬ ಮತ್ತೊಂದು ಹೆಸರನ್ನು ಮುಂದಿಟ್ಟಿದ್ದರು. ಮುಂದಿನ ತಲೆಮಾರುಗಳ ಚರ್ಚೆಯ ಫಲವಾಗಿ ಶ್ರೀವಿಜಯನೇ ಕರ್ತೃ ಎಂಬ ನಿಲುವು ವಿದ್ವದ್ವಲಯದಲ್ಲಿ ಬಹುಮಾನ್ಯವಾಯಿತು. ಎಂ.ವಿ. ಸೀತಾರಾಮಯ್ಯ ಅವರ ಸಂಪಾದನೆ ಈ ನಿಲುವನ್ನೇ ಪ್ರತಿನಿಧಿಸುತ್ತದೆ. ಶೆಲ್ಡನ್ ಪೊಲಾಕ್ ಅವರು 2006ರ ತಮ್ಮ ಗ್ರಂಥದಲ್ಲಿ ಕೃತಿಯನ್ನು ಶ್ರೀವಿಜಯನದೆಂದೇ ಪರಿಗಣಿಸಿದ್ದಾರೆ.

ಈಗ ಒಬ್ಬ ಸಂಶೋಧನ ವಿದ್ಯಾರ್ಥಿ ಶ್ರದ್ಧೆಯಿಂದ, ಹರಟೆಯ ತಾಣಗಳನ್ನೆಲ್ಲ ದೂರವಿಟ್ಟು, ಮುದ್ರಿತ ವಿದ್ವತ್ ಗ್ರಂಥಗಳನ್ನು ಮಾತ್ರ ಸಾಧನಕ್ಕೆ ಒದಗಿಸುತ್ತಾನೆಂದು ಭಾವಿಸೋಣ. ಅವನಿಗೆ ಸುಲಭವಾಗಿ, ಕಾನೂನಿನ ತೊಡಕಿಲ್ಲದೆ ದೊರೆಯುವ ಡಿಜಿಟಲ್ ಪ್ರತಿಗಳು ಯಾವುವು? ಭಾರತದ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಜೀವಿತಾವಧಿಯ ನಂತರ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. 1932ರಲ್ಲಿ ನಿಧನರಾದ ಪಾಠಕ್ ಅವರ, 1936ರಲ್ಲಿ ನಿಧನರಾದ ನರಸಿಂಹಾಚಾರ್ಯರ ಗ್ರಂಥಗಳು ಮುಕ್ತವಾಗಿವೆ. 1990ರಲ್ಲಿ ನಿಧನರಾದ ಸೀತಾರಾಮಯ್ಯ ಅವರ ಬರಹಗಳಿಗೆ 2050ರ ಕೊನೆಯವರೆಗೆ ಆ ರಕ್ಷಣೆ ಇರುತ್ತದೆ. ಹೀಗಾಗಿ ಮುಕ್ತವಾಗಿ ದೊರೆಯುವ ಗ್ರಂಥಗಳಿಗೆ ಸೀಮಿತಗೊಂಡ ಸಂಗ್ರಹ ತಾನಾಗಿಯೇ ಹಳೆಯ ವಿದ್ವತ್ತಿನ ಕಡೆಗೆ ವಾಲುತ್ತದೆ. ಅಂಥ ಸಂಗ್ರಹವನ್ನು ಕೇಳಿದರೆ ಕವಿರಾಜಮಾರ್ಗದ ಕರ್ತೃ ನೃಪತುಂಗ ಎಂಬ ಉತ್ತರವೇ ಪ್ರಬಲವಾಗಿ ಬರಬೇಕಾಗುತ್ತದೆ. ಜೊತೆಗೆ ಪುಟಸಂಖ್ಯೆ ಸಹಿತವಾದ ಮೂರು ನಾಲ್ಕು ಉಲ್ಲೇಖಗಳೂ ಬರುತ್ತವೆ. ಇಲ್ಲಿ ಸಾಧನ ಸುಳ್ಳು ಹೇಳಿಲ್ಲ, ಉಲ್ಲೇಖಗಳು ಹುಸಿಯಲ್ಲ, ವಿದ್ಯಾರ್ಥಿ ಅಲಕ್ಷ್ಯ ಮಾಡಿಲ್ಲ. ಆದರೂ ಉತ್ತರ ದಾರಿ ತಪ್ಪಿಸುವಂಥದು. ವಿದ್ಯಾರ್ಥಿ ಕನ್ನಡದ ಆಕರಗಳು ಮಾತ್ರ ಸಾಕೆಂದು ಭಾಷೆಯ ಮಿತಿಯನ್ನೂ ಹಾಕಿದ್ದರೆ ಇಂಗ್ಲಿಷಿನಲ್ಲಿ ಬರೆದ ಫ್ಲೀಟ್ ಅವರ ಭಿನ್ನಮತವೂ ಹೊರಗುಳಿಯುತ್ತದೆ. ಒಂದು ಕಾಲದಲ್ಲಿ ವಿವಾದವಿತ್ತೆಂಬ ಸುಳಿವೂ ಅಳಿಸಿಹೋಗುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಮಿತಿಯೂ ಸುರಕ್ಷಿತವಲ್ಲ. ಕನ್ನಡದ ಅತ್ಯಂತ ಪ್ರಾಚೀನ ಶಾಸನ ಯಾವುದು ಎಂಬ ಪ್ರಶ್ನೆಯನ್ನು ಪರಿಶೀಲಿಸಬಹುದು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಗಣಿಸಲಾದ ಹಲ್ಮಿಡಿ ಶಾಸನಕ್ಕೆ ಆ ಸ್ಥಾನ ಬಹುಕಾಲ ಸಂದಿತ್ತು. ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ 2013ರಲ್ಲಿ ದೊರೆತ ಶಾಸನವೊಂದನ್ನು ಕ್ರಿ.ಶ. 370ರ ಸುಮಾರಿನದೆಂದು ಪುರಾತತ್ತ್ವ ತಜ್ಞರು ಹೇಳಿದ ಮೇಲೆ ಚರ್ಚೆ ಮತ್ತೆ ತೆರೆದುಕೊಂಡಿತು. ಹಳೆಯ ಗ್ರಂಥಗಳಿಗೆ ಸೀಮಿತವಾದ ಶೋಧದಲ್ಲಿ ತಾಳಗುಂದದ ಈ ಶಾಸನ ಸುಳಿಯುವುದೇ ಇಲ್ಲ. ಇತ್ತೀಚಿನ ಪತ್ರಿಕಾ ವರದಿಗಳಿಗೆ ಸೀಮಿತವಾದ ಶೋಧದಲ್ಲಿ ಹಲ್ಮಿಡಿಯ ಸ್ಥಾನ ಕುಸಿದುಬಿದ್ದಂತೆ ತೋರುತ್ತದೆ; ಕಾಲನಿರ್ಣಯದ ಆಧಾರಗಳನ್ನು ತೂಗಿನೋಡುವ ಲಿಪಿಶಾಸ್ತ್ರದ ಚರ್ಚೆ ಅಲ್ಲಿ ಇರುವುದಿಲ್ಲ. ಇಷ್ಟಲ್ಲದೆ ತಾಳಗುಂದವೆಂದೊಡನೆ ಅಲ್ಲಿನ ಪ್ರಸಿದ್ಧ ಸಂಸ್ಕೃತ ಸ್ತಂಭಶಾಸನದ ವಿವರಗಳನ್ನು ತಂದು ಇದಕ್ಕೆ ಬೆರೆಸುವ ಸಂಭವವೂ ಇದೆ. ಕಾಲದ ಮಿತಿಯನ್ನು ಯಾವ ಕಡೆಯಿಂದ ಹಾಕಿದರೂ ಅದು ಒಂದು ಕಡೆಯ ವಾದವನ್ನು ಮುಚ್ಚುತ್ತದೆ.

ಕನ್ನಡದ ಆಕರಗಳ ವಿಶಿಷ್ಟ ತೊಡಕುಗಳು

ಬಳಕೆದಾರ ಹಾಕುವ ಮಿತಿಯ ಜೊತೆಗೆ ಅವನ ಅರಿವಿಗೆ ಬಾರದ ಮಿತಿಗಳೂ ಕೆಲಸ ಮಾಡುತ್ತವೆ. ಸಾಧನವು ತನಗೆ ಒದಗಿಸಿದ ಗ್ರಂಥಗಳನ್ನು ಪ್ರತಿ ಪ್ರಶ್ನೆಗೂ ಆದ್ಯಂತವಾಗಿ ಓದುತ್ತದೆಂದು ತಿಳಿಯುವಂತಿಲ್ಲ. ಸಾಮಾನ್ಯ ಕ್ರಮದಲ್ಲಿ ಗ್ರಂಥವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದಿಟ್ಟುಕೊಂಡು, ಪ್ರಶ್ನೆಗೆ ಹತ್ತಿರವೆಂದು ತೋರಿದ ಕೆಲವನ್ನು ಮಾತ್ರ ಹೆಕ್ಕಿ ಮಾದರಿಯ ಮುಂದಿಡಲಾಗುತ್ತದೆ. ಸಂಶೋಧಕ 50 ಗ್ರಂಥಗಳನ್ನು ಆಯ್ದಿದ್ದರೆ ಯಂತ್ರ ಅವುಗಳೊಳಗಿನ ಕೆಲವು ತುಣುಕುಗಳನ್ನು ಮತ್ತೆ ಆಯುತ್ತದೆ. ಮೊದಲ ಆಯ್ಕೆಗೆ ಕಾರಣ ಹೇಳಬಹುದು. ಎರಡನೆಯದಕ್ಕೆ ಕಾರಣ ಕೇಳುವಂತಿಲ್ಲ. ಪೀಠಿಕೆಯಲ್ಲಿ ಮಂಡಿಸಿದ ಮತವನ್ನು ಅನುಬಂಧದಲ್ಲಿ ತಿದ್ದಿಕೊಳ್ಳುವುದು ಕನ್ನಡ ವಿದ್ವಾಂಸರಲ್ಲಿ ಅಪರೂಪವಲ್ಲ. ಪೀಠಿಕೆಯ ತುಣುಕು ಸಿಕ್ಕಿ ಅನುಬಂಧದ ತುಣುಕು ಸಿಕ್ಕದಿದ್ದರೆ ಲೇಖಕರು ಕೈಬಿಟ್ಟ ಮತವೇ ಅವರ ಮತವಾಗಿ ಉಲ್ಲೇಖಗೊಳ್ಳುತ್ತದೆ.

ಲಿಪಿ ಮತ್ತು ಸಂಕೇತಗಳ ತೊಡಕು ಇನ್ನೊಂದು. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಅನೇಕ ವರ್ಷಗಳ ಕಾಲ ಕನ್ನಡದ ಪುಸ್ತಕಗಳೂ ಪ್ರಬಂಧಗಳೂ ಸಿದ್ಧಗೊಂಡದ್ದು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತಗಳಲ್ಲಿ. ಅಂಥ ಕಡತ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೊಂದಲವಾಗಿ ಉಳಿಯುತ್ತದೆ. ಯೂನಿಕೋಡಿಗೆ ಪರಿವರ್ತಿಸದೆ ಸೇರಿಸಿದ ಗ್ರಂಥ ಪಟ್ಟಿಯಲ್ಲಿ ಇದ್ದೂ ಶೋಧಕ್ಕೆ ಇಲ್ಲದಂತೆಯೇ. ಚಿತ್ರರೂಪದಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಮುದ್ರಣಗಳಲ್ಲಿ ಅಕ್ಷರ ಗುರುತಿಸುವ ತಂತ್ರ ಒತ್ತಕ್ಷರಗಳಲ್ಲಿ ಎಡವುತ್ತದೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ಒಂದು ಆವೃತ್ತಿ ಉಳಿಸಿಕೊಂಡು ಇನ್ನೊಂದು ಆವೃತ್ತಿ ರ ಮತ್ತು ಳ ಎಂದು ಅಚ್ಚುಮಾಡಿದ್ದರೆ, ಒಂದೇ ಶಬ್ದ ಯಂತ್ರದ ಎಣಿಕೆಯಲ್ಲಿ ಎರಡಾಗುತ್ತದೆ. ಪದಪ್ರಯೋಗದ ಪ್ರಾಚೀನತೆಯನ್ನು ಕುರಿತ ಸಂಶೋಧನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಉಲ್ಲೇಖ ಪದ್ಧತಿಯ ತೊಡಕು ಮೂರನೆಯದು. ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಆವೃತ್ತಿಯಲ್ಲಿ ಹಾಸನ ಜಿಲ್ಲೆಯ ಶಾಸನಗಳು ಐದನೆಯ ಸಂಪುಟದಲ್ಲಿವೆ. ಹೊಸ ಆವೃತ್ತಿಯಲ್ಲಿ ಬೇಲೂರು ತಾಲ್ಲೂಕಿಗೆ ಒಂಬತ್ತನೆಯ ಸಂಪುಟ ಮೀಸಲಾಗಿದೆ. ಶಾಸನಗಳ ಕ್ರಮಸಂಖ್ಯೆಗಳೂ ಬದಲಾಗಿವೆ. 20ನೆಯ ಶತಮಾನದ ಪೂರ್ವಾರ್ಧದ ಲೇಖನದಲ್ಲಿರುವ ಸಂಖ್ಯೆಯನ್ನು ಹೊಸ ಆವೃತ್ತಿಗೆ ಮಾತ್ರ ಸೀಮಿತವಾದ ಸಾಧನದಲ್ಲಿ ಹುಡುಕಿದರೆ ಬೇರೊಂದು ಶಾಸನ ಎದುರಾಗುತ್ತದೆ. ಆವೃತ್ತಿಯ ಭೇದವನ್ನು ಅರಿಯದ ಓದುಗನಿಗೆ ಅದು ಬೇರೆಯೆಂಬುದೂ ತೋಚುವುದಿಲ್ಲ.

ವಿದ್ವತ್ ಆಕರಗಳು ಮಾತ್ರ ಎಂಬ ಆಯ್ಕೆಯ ಅರ್ಥವನ್ನೂ ಇಲ್ಲಿ ಪರಿಶೀಲಿಸಬೇಕು. ಇಂಥ ಆಯ್ಕೆಯ ಹಿಂದಿರುವ ಸೂಚಿಗಳು ಬಹುಮಟ್ಟಿಗೆ ಇಂಗ್ಲಿಷ್ ಪ್ರಬಂಧಗಳನ್ನೂ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ ಪಡೆದ ಪತ್ರಿಕೆಗಳನ್ನೂ ಅವಲಂಬಿಸಿವೆ. 1916ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆ, 1919ರಲ್ಲಿ ಆರಂಭವಾದ ಪ್ರಬುದ್ಧ ಕರ್ಣಾಟಕ ಇವುಗಳ ಹಳೆಯ ಸಂಚಿಕೆಗಳಲ್ಲಿ ಕನ್ನಡದ ಎಷ್ಟೋ ಮೂಲಭೂತ ಚರ್ಚೆಗಳು ನಡೆದಿವೆ. ಅಭಿನಂದನ ಗ್ರಂಥಗಳು, ಸಂಸ್ಮರಣ ಸಂಪುಟಗಳು, ಇತಿಹಾಸ ಪರಿಷತ್ತುಗಳ ನಡಾವಳಿಗಳು ಇದೇ ಸಾಲಿಗೆ ಸೇರುತ್ತವೆ. ಅವು ಸೂಚಿಯಲ್ಲಿ ಇಲ್ಲದಿದ್ದರೆ, ವಿದ್ವತ್ತಿಗೆ ಸೀಮಿತಗೊಳಿಸಿದ ಶೋಧ ಕನ್ನಡದ ವಿದ್ವತ್ತನ್ನೇ ಹೊರಗಿಟ್ಟಂತಾಗುತ್ತದೆ. ಕನ್ನಡವನ್ನು ಕುರಿತು ಹೊರಗಿನವರು ಇಂಗ್ಲಿಷಿನಲ್ಲಿ ಬರೆದದ್ದು ಉಳಿದು, ಅವರು ಆಧರಿಸಿದ ಕನ್ನಡದ ಬರಹ ಕಾಣೆಯಾಗುವುದು ವಿಪರ್ಯಾಸವೇ ಸರಿ.

ಗ್ರಂಥಸಂಪಾದನೆಯ ಪಾಠ

ಈ ತೊಡಕುಗಳನ್ನು ಎದುರಿಸುವ ವಿವೇಕ ಕನ್ನಡ ವಿದ್ವತ್ ಪರಂಪರೆಗೆ ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ ಅವರ ಕನ್ನಡ ಗ್ರಂಥಸಂಪಾದನೆ (1964) ಶಾಸ್ತ್ರೀಯವಾಗಿ ನಿರೂಪಿಸಿದ ವಿದ್ಯೆ ಮೂಲತಃ ಆಕರಗಳನ್ನು ಆಯುವ, ತೂಗುವ, ಬಿಡುವ ವಿದ್ಯೆಯೇ ಆಗಿದೆ. ಸಂಪಾದಕನ ಕೈಗೆ ಹತ್ತು ಓಲೆಪ್ರತಿಗಳು ಬರುತ್ತವೆ. ಎಲ್ಲವನ್ನೂ ಸಮಾನವಾಗಿ ಪರಿಗಣಿಸಿ ಬಹುಮತದ ಪಾಠವನ್ನು ಸ್ವೀಕರಿಸುವುದು ಸಂಪಾದನೆ ಎನಿಸುವುದಿಲ್ಲ. ಒಂದೇ ಮಾತೃಕೆಯಿಂದ ಹುಟ್ಟಿದ ಒಂಬತ್ತು ಪ್ರತಿಗಳು ಎಣಿಕೆಯಲ್ಲಿ ಒಂಬತ್ತಾದರೂ ಸಾಕ್ಷ್ಯದಲ್ಲಿ ಒಂದೇ. ಬೇರೆ ಶಾಖೆಯಿಂದ ಬಂದ ಹತ್ತನೆಯ ಪ್ರತಿ ಒಂಟಿಯಾಗಿದ್ದರೂ ಅದರ ಮಾತು ಸ್ವತಂತ್ರ ಸಾಕ್ಷ್ಯ. ಆದುದರಿಂದಲೇ ಸಂಪಾದಕ ಪ್ರತಿಗಳ ವಂಶವೃಕ್ಷವನ್ನು ರಚಿಸುತ್ತಾನೆ. ತಾನು ಸ್ವೀಕರಿಸದ ಪಾಠಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಯಾವ ಪ್ರತಿಯನ್ನು ಏಕೆ ಬಿಟ್ಟೆನೆಂದು ಪೀಠಿಕೆಯಲ್ಲಿ ಹೇಳುತ್ತಾನೆ.

ಮೇಲಿನ ಕವಿರಾಜಮಾರ್ಗದ ನಿದರ್ಶನವನ್ನು ಈ ಬೆಳಕಿನಲ್ಲಿ ನೋಡಿದರೆ ತಪ್ಪಿನ ಮೂಲ ತಿಳಿಯುತ್ತದೆ. ಪಾಠಕ್ ಅವರ ಸಂಪಾದನೆಯ ಜಾಡಿನಲ್ಲಿ ಸಾಗಿದ ಗ್ರಂಥಗಳು ನಾಲ್ಕಿದ್ದರೂ ಕರ್ತೃತ್ವದ ಮಟ್ಟಿಗೆ ಅವು ಒಂದೇ ವಂಶದ ಪ್ರತಿಗಳು. ವಿದ್ಯಾರ್ಥಿ ಆಕರಗಳ ಗುಣಮಟ್ಟವನ್ನು ನೋಡಿದ, ಅವುಗಳ ವಂಶವನ್ನು ನೋಡಲಿಲ್ಲ. ಇಡೀ ಅಂತರ್ಜಾಲದ ದೋಷವೂ ಇದೇ ಬಗೆಯದು: ಒಂದು ತಾಣದ ತಪ್ಪನ್ನು ನೂರು ತಾಣಗಳು ನಕಲಿಸುತ್ತವೆ. ಮಿತಿಗೊಳಿಸಿದ ಸಂಗ್ರಹದಲ್ಲಿ ನೂರರ ಬದಲು ನಾಲ್ಕು ನಕಲುಗಳು ಉಳಿದರೆ ದೋಷ ನಿವಾರಣೆಯಾಗುವುದಿಲ್ಲ, ಅದರ ಮೇಲೆ ವಿದ್ವತ್ತಿನ ಮುದ್ರೆ ಬೀಳುತ್ತದೆ.

ಈ ಹಿನ್ನೆಲೆಯಲ್ಲಿ ಶೋಧ ಸಾಧನಗಳ ಬಳಕೆಗೆ ಸಂಬಂಧಿಸಿ ಕೆಲವು ನಿಯಮಗಳನ್ನು ರೂಪಿಸಿಕೊಳ್ಳಬಹುದು. ಮೊದಲನೆಯದಾಗಿ, ಮಿತಿ ಹಾಕುವ ಮುನ್ನ ವಿಸ್ತಾರವಾದ ಶೋಧ ನಡೆಯಬೇಕು. ಅದರ ಗುರಿ ಉತ್ತರವನ್ನು ಪಡೆಯುವುದಲ್ಲ. ಒಂದು ವಿಷಯದಲ್ಲಿ ಎಷ್ಟು ಮತಗಳಿವೆ, ಯಾರು ಯಾರನ್ನು ಅನುಸರಿಸಿದ್ದಾರೆ ಎಂಬ ನಕ್ಷೆಯನ್ನು ಪಡೆಯುವುದು. ಎರಡನೆಯದಾಗಿ, ಆಯ್ದ ಸಂಗ್ರಹದಲ್ಲಿ ಪ್ರತಿಯೊಂದು ಮುಖ್ಯ ಮತಕ್ಕೂ ಕನಿಷ್ಠ ಒಂದು ಸ್ವತಂತ್ರ ಆಕರ ಇರಬೇಕು; ಡಿಜಿಟಲ್ ಪ್ರತಿ ದೊರೆಯದಿದ್ದಲ್ಲಿ ಗ್ರಂಥಾಲಯದಲ್ಲಿ ಓದಿ ಮಾಡಿಕೊಂಡ ಟಿಪ್ಪಣಿಯನ್ನಾದರೂ ಸೇರಿಸಬೇಕು. ಮೂರನೆಯದಾಗಿ, ಸಾಧನಕ್ಕೆ ಕೇಳುವ ಪ್ರಶ್ನೆ ಭಿನ್ನಮತಕ್ಕೆ ಅವಕಾಶ ಕೊಡುವಂತಿರಬೇಕು. ಕರ್ತೃ ಯಾರು ಎಂದು ಕೇಳುವುದಕ್ಕೂ, ಈ ಗ್ರಂಥಗಳಲ್ಲಿ ಕರ್ತೃತ್ವವನ್ನು ಕುರಿತು ಯಾವ ಯಾವ ಮತಗಳಿವೆ, ಒಂದೊಂದಕ್ಕೂ ಕೊಟ್ಟಿರುವ ಆಧಾರವೇನು ಎಂದು ಕೇಳುವುದಕ್ಕೂ ಅಂತರವಿದೆ. ನಾಲ್ಕನೆಯದಾಗಿ, ಉಲ್ಲೇಖಗೊಂಡ ಪುಟವನ್ನು ಸಂಶೋಧಕ ಸ್ವತಃ ತೆರೆದು ಓದಬೇಕು. ಸಾಧನ ತೋರಿಸಿದ ತುಣುಕಿನ ಹಿಂದಿನ ಮುಂದಿನ ಪುಟಗಳನ್ನೂ ನೋಡಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ಸಾಧನದ ನೆರವಿನಿಂದ ಸಿದ್ಧಗೊಂಡ ಪ್ರಬಂಧದಲ್ಲಿ ಬಳಸಿದ ಆಕರಗಳ ಪಟ್ಟಿಯ ಜೊತೆಗೆ ಹಾಕಿಕೊಂಡ ಮಿತಿಯ ವಿವರವೂ ಇರಬೇಕು: ಯಾವ ಆವೃತ್ತಿ, ಯಾವ ಕಾಲಾವಧಿ, ಯಾವ ಭಾಷೆ, ಯಾವುದು ದೊರೆಯಲಿಲ್ಲ, ಯಾವುದನ್ನು ಬಿಡಲಾಯಿತು. ಓಲೆಪ್ರತಿಗಳ ವಿಷಯದಲ್ಲಿ ಸಂಪಾದಕನಿಂದ ಅಪೇಕ್ಷಿಸುವ ಈ ಪ್ರಾಮಾಣಿಕತೆಯನ್ನು ಯಂತ್ರದ ನೆರವು ಪಡೆದ ಸಂಶೋಧಕನಿಂದ ಅಪೇಕ್ಷಿಸದಿರಲು ಕಾರಣವಿಲ್ಲ.

ಇಲ್ಲಿ ಗ್ರಂಥಾಲಯಗಳ ಹೊಣೆಯೂ ಹಿರಿದು. ಹಳೆಯ ಪತ್ರಿಕೆಗಳ ಲೇಖನಸೂಚಿಗಳನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸುವುದು, ಹಳೆಯ ಸಂಕೇತಗಳಲ್ಲಿರುವ ಪ್ರಬಂಧಗಳನ್ನು ಪರಿವರ್ತಿಸುವುದು, ಶಾಸನ ಸಂಪುಟಗಳ ಹಳೆಯ ಮತ್ತು ಹೊಸ ಸಂಖ್ಯೆಗಳ ಹೊಂದಾಣಿಕೆಯ ಕೋಷ್ಟಕವನ್ನು ಒದಗಿಸುವುದು, ಹಕ್ಕುದಾರರ ಒಪ್ಪಿಗೆ ಪಡೆದು ಇತ್ತೀಚಿನ ತಲೆಮಾರಿನ ವಿದ್ವತ್ ಗ್ರಂಥಗಳನ್ನು ಓದುಗರಿಗೆ ತೆರೆದಿಡುವುದು, ಇವೆಲ್ಲ ಸದ್ದಿಲ್ಲದೆ ನಡೆಯಬೇಕಾದ ಕೆಲಸಗಳು. ಇವು ನಡೆಯದೆ ಸಾಧನಗಳು ಎಷ್ಟೇ ಚುರುಕಾದರೂ ಅವುಗಳ ಕನ್ನಡ ಜ್ಞಾನ ಮುಕ್ತವಾಗಿ ದೊರೆತ ಹಳೆಯ ಗ್ರಂಥಗಳ ಮತ್ತು ನಿನ್ನೆಯ ಸುದ್ದಿಗಳ ನಡುವೆ ತೂಗಾಡುತ್ತಿರುತ್ತದೆ. ಆ ಎರಡರ ನಡುವಣ ಅರ್ಧ ಶತಮಾನಕ್ಕೂ ಮಿಕ್ಕ ಅವಧಿಯ ವಿದ್ವತ್ತು ಅವುಗಳ ಪಾಲಿಗೆ ಬಹುಮಟ್ಟಿಗೆ ಮೂಕವಾಗಿ ಉಳಿಯುತ್ತದೆ.

ಸಮಾರೋಪ

ಒಟ್ಟಿನಲ್ಲಿ, ಆಕರಗಳನ್ನು ಕಿರಿದುಗೊಳಿಸುವ ಕ್ರಮವನ್ನು ತಳ್ಳಿಹಾಕುವಂತಿಲ್ಲ. ಎಲ್ಲೆಯಿಲ್ಲದ ಶೋಧದ ಗೊಂದಲಕ್ಕಿಂತ ಎಲ್ಲೆಯುಳ್ಳ ಶೋಧದ ಖಚಿತತೆ ಮೇಲು. ಶ್ರವಣಬೆಳಗೊಳದ ಶಾಸನಗಳ ಸಂಖ್ಯೆಯನ್ನು ಹೇಳುವಾಗ ಅದು ಯಾವ ಆವೃತ್ತಿಯ ಸಂಖ್ಯೆ ಎಂದು ಸೇರಿಸುವುದರಿಂದಲೇ ಆ ಮಾತು ಸಂಶೋಧನೆಯ ಮಾತಾಗುತ್ತದೆ. ಆದರೆ ಎಲ್ಲೆಯನ್ನು ಹಾಕಿದವನಿಗೆ ಅದರ ಆಚೆಗೆ ಏನಿದೆ ಎಂಬುದರ ಅರಿವು ಇರಬೇಕಾಗುತ್ತದೆ. ಈ ಅರಿವನ್ನು ಸಾಧನ ಕೊಡಲಾರದು. ಸಂಗ್ರಹದಲ್ಲಿ ಇಲ್ಲದುದನ್ನು ಕುರಿತು ಸಂಗ್ರಹ ಮಾತನಾಡುವುದಿಲ್ಲ. ಗ್ರಂಥಾಲಯದ ಕಪಾಟುಗಳ ನಡುವೆ ಓಡಾಡಿ, ಒಂದು ಗ್ರಂಥವನ್ನು ಹುಡುಕಹೋಗಿ ಅದರ ಪಕ್ಕದ ಗ್ರಂಥವನ್ನು ತೆರೆದು, ಒಬ್ಬ ವಿದ್ವಾಂಸರ ಮತವನ್ನು ಇನ್ನೊಬ್ಬರ ಖಂಡನೆಯಲ್ಲಿ ಮೊದಲು ಕಂಡು ಸಂಶೋಧಕರು ಆ ಅರಿವನ್ನು ಗಳಿಸುತ್ತ ಬಂದಿದ್ದಾರೆ. ಅದನ್ನು ಗಳಿಸಿದವರ ಕೈಯಲ್ಲಿ ಆಕರಗಳ ಮಿತಿ ಒಂದು ಶಿಸ್ತು. ಗಳಿಸದವರಿಗೆ ಅದು, 1898ರ ಮತವೊಂದನ್ನು ಇಂದಿನ ನಿರ್ಣಯವೆಂದು ಪುಟಸಂಖ್ಯೆ ಸಹಿತವಾಗಿ ನಂಬಿಸುವ ಬೇಲಿಯಾಗುತ್ತದೆ.